ಬಿಗಿ ಹಗ್ಗ ಬಿಡದೆ ನಾಯಿ ಜಗಳ ಬಿಡದು

ಬೊಗಳುವ ನಾಯಿ ಕಚ್ಚೋದಿಲ್ಲ ಅಂತ ಕನ್ನಡದಲ್ಲಿ ಗಾದೆ. ‘ಮೊರಿಗೇ ಕುಕ್ಕ ಕರವದು’ ಅಂತ ತೆಲುಗಿನಲ್ಲಿ ಗಾದೆ. ಎರಡು ಭಾಷೆಯಲ್ಲೂ ನಾಲ್ಕು ಸಾಲು ಪದ್ಯ ಬರೆಯುವ ನಾನು ಎರಡನ್ನೂ ನಂಬಿ ಕೆಟ್ಟೆ. ನನ್ನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಇವತ್ತಿಗೂ ನಾಲ್ಕು ಹಲ್ಲಿನ ಗುರುತಿದೆ. ಕಚ್ಚಿದ್ದು ಊರ ನಾಯಿಯಲ್ಲ, ನಮ್ಮನೆಯ ಕರಿಯ. ಅವನಿಗೂ ಕಚ್ಚುವ ಮನಸ್ಸಿರಲಿಲ್ಲ. ತಪ್ಪು ನನ್ನದೇ ಅಂತ ತಿಳಿಯೋದಕ್ಕೆ ನನಗೆ ಬಹಳ ದಿನ ಹಿಡಿಯಿತು.

ನಮ್ಮದು ಮಡಕಶಿರಾ ಸೀಮೆ. ನಕ್ಷೆ ಬಿಡಿಸಿ ನೋಡಿದರೆ ಕರ್ನಾಟಕದ ಹೊಟ್ಟೆಯೊಳಕ್ಕೆ ಚಾಚಿದ ಬೆರಳಿನ ಹಾಗೆ ಕಾಣುತ್ತದೆ. 2022ರ ಏಪ್ರಿಲ್ ತನಕ ಅನಂತಪುರ ಜಿಲ್ಲೆ, ಆಮೇಲೆ ಶ್ರೀ ಸತ್ಯಸಾಯಿ ಜಿಲ್ಲೆ. ಹೊಲ ಆಂಧ್ರದ್ದು, ಸಂತೆ ಕರ್ನಾಟಕದ್ದು, ಬೀಗರು ಎರಡೂ ಕಡೆಯವರು. ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ, ಕಡಲೇಕಾಯಿ ಕಿತ್ತು ಬರಿದಾಗಿದ್ದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ನಿಲ್ಲಿಸಿದ್ದೆ. ಮಂದೆಯ ಜತೆ ಎರಡು ಕಾವಲು ನಾಯಿ. ಪರಿಚಯ ಆದರೆ ರಾತ್ರಿಯೆಲ್ಲಾ ಬೊಗಳೋದು ತಪ್ಪುತ್ತೆ ಅಂತ ಕರಿಯನ ಕೊರಳಿಗೆ ಹಗ್ಗ ಹಾಕಿ ನೇರ ಆ ನಾಯಿಗಳ ಎದುರಿಗೇ ಕರೆದುಕೊಂಡು ಹೋದೆ.

ಅವುಗಳಲ್ಲಿ ದೊಡ್ಡದು ಕಂಬದ ಹಾಗೆ ನಿಂತುಬಿಟ್ಟಿತು. ಬಾಲ ಮೇಲೆ, ಬೆನ್ನ ಮೇಲಿನ ಕೂದಲು ನೆಟ್ಟಗೆ, ಕಣ್ಣು ಕದಲದು. ಸದ್ದಿಲ್ಲ. ನನಗೆ ಗಾಬರಿಯಾಗಿ ಹಗ್ಗ ಜಗ್ಗಿ ಹಿಡಿದೆ, ಗಟ್ಟಿಯಾಗಿ ಗದರಿದೆ. ಅಷ್ಟೇ ಸಾಕಾಯಿತು. ಕರಿಯ ಮುಂಗಾಲೆತ್ತಿ ನಿಂತ, ಅದು ಹಾರಿತು. ಬಿಡಿಸೋಣ ಅಂತ ನಡುವೆ ಕೈ ಹಾಕಿದೆ. ‘ಸಾಮೀ, ಚೇಯಿ ಪೆಟ್ಟೊದ್ದು!’ ಅಂತ ಕುರಿ ಕಾಯುವ ಮುದುಕ ಕೂಗುವಷ್ಟರಲ್ಲಿ ಕೈ ಹರಿದಿತ್ತು.

ಮುದುಕ ಕೋಲೆತ್ತಲಿಲ್ಲ. ಹೆಗಲ ಕಂಬಳಿ ತೆಗೆದು ಎರಡು ನಾಯಿಗಳ ತಲೆ ಮೇಲೆ ಹಾಕಿದ. ಕಣ್ಣು ಮುಚ್ಚಿದ ಗಳಿಗೆಯಲ್ಲಿ ಹಿಡಿತ ಸಡಿಲವಾಯಿತು. ಅವನೊಂದರ ಹಿಂಗಾಲು, ಅವನ ಮೊಮ್ಮಗ ಇನ್ನೊಂದರ ಹಿಂಗಾಲು ಹಿಡಿದು ಒಟ್ಟಿಗೇ ಹಿಂದಕ್ಕೆ ಎಳೆದುಕೊಂಡು ಹೋದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದ: ‘ತಾಡು ಬಿಗಿಂಚಿಂದಿ ನುವ್ವು ಸಾಮೀ, ಕುಕ್ಕ ಏಂ ಚೇಸ್ತುಂದಿ?’ ಹಗ್ಗ ಬಿಗಿ ಮಾಡಿದವನು ನೀನು, ನಾಯಿ ಏನು ಮಾಡೀತು ಅಂತ.

ಅವನೇ ಕೈಗೆ ಸೋಪು ಹಚ್ಚಿ ಬೋರಿನ ನೀರಿನ ಕೆಳಗೆ ಹದಿನೈದು ನಿಮಿಷ ಹಿಡಿಸಿದ. ಅರಿಶಿನ, ಸುಣ್ಣ, ಮೆಣಸಿನಪುಡಿ ಅಂದವರನ್ನೆಲ್ಲ ದೂರ ಕಳಿಸಿದ. ಹತ್ತಿರದ ಸರಕಾರಿ ಆಸ್ಪತ್ರೆ ಗಡಿಯ ಆಚೆ, ಕರ್ನಾಟಕದಲ್ಲಿ. ಅಲ್ಲಿನ ನರ್ಸಮ್ಮ ಯಾವ ರಾಜ್ಯ ಅಂತ ಕೇಳಲಿಲ್ಲ, ಮೊದಲು ಗಾಯ ನೋಡಿದಳು. ‘ನಾಯಿಗೆ ಇಂಜೆಕ್ಷನ್ ಹಾಕ್ಸಿದೀಯೇನಣ್ಣ?’ ಅಂದಳು. ನಾನು ತಲೆ ತಗ್ಗಿಸಿದೆ. ಮಗಳ ಮದುವೆಗೆ ಲಕ್ಷ ಲಕ್ಷ ಸಾಲ ಮಾಡಿದವನು ನಾಯಿಗೆ ವರ್ಷಕ್ಕೊಂದು ಸೂಜಿ ಹಾಕಿಸಿರಲಿಲ್ಲ. ಲಸಿಕೆ ಶುರುವಾಯಿತು. ಗಾಯದ ಸುತ್ತ ಕೊಡುವ ಇಮ್ಯುನೋಗ್ಲಾಬ್ಯುಲಿನ್‌ಗೆ ದೊಡ್ಡಾಸ್ಪತ್ರೆಗೆ ಕಳಿಸಿದರು. ಕರಿಯನನ್ನು ಹತ್ತು ದಿನ ಕಟ್ಟಿಹಾಕಿ ನಿಗಾ ಇಡಲು ಹೇಳಿದರು. ಆ ಹತ್ತು ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. 1885ರಲ್ಲೇ ಲೂಯಿ ಪಾಸ್ಚರ್ ಒಬ್ಬ ಹುಡುಗನಿಗೆ ಲಸಿಕೆ ಕೊಟ್ಟು ದಾರಿ ತೋರಿಸಿದ್ದಾರೆ. ಇಷ್ಟು ಕಾಲವಾದರೂ ಉದಾಸೀನದಿಂದ ಸಾಯುವವರು ನಮ್ಮಲ್ಲಿದ್ದಾರೆ.

ಕರಿಯ ಗೆದ್ದ, ನಾನೂ ಉಳಿದೆ. ಅಷ್ಟರಲ್ಲಿ ಮಂದೆ ಪಕ್ಕದೂರ ಹೊಲಕ್ಕೆ ಹೋಗಿತ್ತು. ಕರಿಯನಿಗೆ ಲಸಿಕೆ ಹಾಕಿಸಿ, ಅವನನ್ನು ಕರೆದುಕೊಂಡು ನಾನೇ ಮುದುಕನನ್ನು ಹುಡುಕಿಕೊಂಡು ಹೋದೆ. ಅವನು ಎದುರುಬದುರು ನಿಲ್ಲಿಸಲಿಲ್ಲ. ಇಪ್ಪತ್ತು ಮಾರು ಅಂತರ ಬಿಟ್ಟು ಇಬ್ಬರೂ ಒಂದೇ ದಿಕ್ಕಿಗೆ ನಡೆಯೋಣ ಅಂದ. ಹಗ್ಗ ಸಡಿಲ, ಮಾತು ಮೆಲ್ಲಗೆ. ನಡೆಯುತ್ತಾ ನಡೆಯುತ್ತಾ ಅಂತರ ಹತ್ತು ಮಾರಾಯಿತು, ಐದಾಯಿತು. ನಾಯಿಗಳು ನೆಲ ಮೂಸಿದವು, ಮುಖ ಬೇರೆ ಕಡೆ ತಿರುಗಿಸಿದವು, ಕೊನೆಗೆ ಬಳಸಿ ಬಂದು ಒಂದರ ಹಿಂಭಾಗ ಇನ್ನೊಂದು ಮೂಸಿದವು. ಜಗಳ ಮುಗಿದಿತ್ತು.

ಈಗ ಬೆಂಗಳೂರಿನ ಮಾತು. ಮಗ ಅಲ್ಲಿ ಲ್ಯಾಬ್ರಡಾರ್ ಸಾಕಿದ್ದಾನೆ. ಹೋದ ಸಲ ಹೋದಾಗ ನಾಯಿಗಳ ಪಾರ್ಕಿಗೆ ಕರೆದುಕೊಂಡು ಹೋದ. ನಾಯಿಗೂ ಒಂದು ಪಾರ್ಕಾ ಅಂತ ನಕ್ಕಿದ್ದೆ. ಹೋಗಿ ನೋಡಿದ ಮೇಲೆ ನಗು ಬರಲಿಲ್ಲ. ಸುತ್ತ ಬೇಲಿ, ಎರಡೆರಡು ಗೇಟು, ಸಣ್ಣ ನಾಯಿಗೆ ಬೇರೆ ಜಾಗ, ಏರ್ಪಾಟು ಚೆನ್ನಾಗಿದೆ. ಆದರೆ ಹೊಸ ನಾಯಿ ಗೇಟಿನ ಹತ್ತಿರ ಬಂದ ಕೂಡಲೇ ಒಳಗಿನ ಏಳೆಂಟು ನಾಯಿ ಅಲ್ಲಿಗೇ ಮುತ್ತಿಕೊಂಡವು. ಹೊಸದು ಬಾಲ ಮುದುರಿಕೊಂಡು ಒಡೆಯನ ಕಾಲಿಗೆ ಅಂಟಿತು. ಒಡೆಯ ಮಾಡಿದ್ದೇನು? ಹಗ್ಗ ಬಿಗಿಯಾಗಿ ಜಗ್ಗಿದ. ಉಳಿದವರು ಮೊಬೈಲಿನಲ್ಲಿದ್ದರು. ಮುದುಕನ ಕಂಬಳಿ ಅಲ್ಲಿ ಯಾರ ಹೆಗಲ ಮೇಲೂ ಇರಲಿಲ್ಲ. ನಾಯಿಗಳು ಗುರ್ ಅಂದು ಬಿಟ್ಟವು, ಒಡೆಯರು ಮಾತ್ರ ಅರ್ಧ ಗಂಟೆ ಬಿಡಲಿಲ್ಲ. ‘ನಿಮ್ಮ ನಾಯಿ’, ‘ನಿಮ್ಮ ನಾಯಿ’ ಅಂತ ಇಂಗ್ಲಿಷಿನಲ್ಲಿ ಕಿತ್ತಾಡಿದರು.

ನಮ್ಮೂರಲ್ಲೂ ಇದೇ. ಎರಡು ನಾಯಿ ಕಚ್ಚಾಡಿದ್ದಕ್ಕೆ ಎರಡು ಮನೆಯವರು ಎಂಟು ವರ್ಷ ಮಾತು ಬಿಟ್ಟಿದ್ದರು. ಆ ನಾಯಿಗಳು ಮಾರನೇ ದಿನವೇ ಒಂದೇ ಕಟ್ಟೆ ನೆರಳಲ್ಲಿ ಮಲಗಿದ್ದವು. ಮನೆಯವರು ಒಬ್ಬರ ಹೆಣಕ್ಕೆ ಇನ್ನೊಬ್ಬರು ಬರಲಿಲ್ಲ. ಆದ್ದರಿಂದಲೇ ಈ ವಿಷಯವನ್ನು ಸಣ್ಣದು ಅಂತ ತಳ್ಳಬೇಡಿ ಅನ್ನುತ್ತೇನೆ.

ಹಳ್ಳಿಯವರಿಗೂ ಪಾರ್ಕಿನವರಿಗೂ ನನ್ನದು ಒಂದೇ ಮಾತು. ಬಾಲ ಆಡಿಸಿದರೆ ಸ್ನೇಹ ಅಂತ ತಿಳಿಯಬೇಡಿ. ಮೈಯೆಲ್ಲಾ ಬಳುಕಿಸಿ ಆಡಿಸಿದರೆ ಸ್ನೇಹ. ಮೈ ಸೆಟೆದು ಬಾಲದ ತುದಿ ಮಾತ್ರ ಅಲುಗಿದರೆ ಎಚ್ಚರಿಕೆ. ಮುಂಗಾಲು ಚಾಚಿ ಎದೆ ನೆಲಕ್ಕೆ ತಂದು ಹಿಂಭಾಗ ಎತ್ತಿದರೆ ಆಟ. ಎರಡು ನಾಯಿ ನೆಟ್ಟ ನೋಟದಲ್ಲಿ ನಿಂತರೆ ಜಗಳ ಆಗುವ ತನಕ ಕಾಯಬೇಡಿ. ಹಗ್ಗ ಸಡಿಲ ಬಿಟ್ಟು, ಹೆಸರು ಹಿಡಿದು ಕರೆದು, ನೀವೇ ಬೇರೆ ಕಡೆ ನಡೆಯಿರಿ. ಗುರುಗುಟ್ಟಿದ್ದಕ್ಕೆ ಹೊಡೆಯಬೇಡಿ, ಗುರುಗುಟ್ಟುವುದು ಅದರ ಭಾಷೆಯಲ್ಲಿ ‘ದೂರ ಇರು’ ಅಂತ. ಆ ಮಾತನ್ನು ಹೊಡೆದು ನಿಲ್ಲಿಸಿದರೆ ಮುಂದಿನ ಸಲ ಹೇಳದೇ ಕಚ್ಚುತ್ತದೆ. ನಾಯಿಗಳ ಗುಂಪಿನ ನಡುವೆ ತಿಂಡಿ, ಮೂಳೆ, ಚೆಂಡು ಎಸೆಯಬೇಡಿ. ಬೆದೆಗೆ ಬಂದ ಹೆಣ್ಣನ್ನು, ಮರಿ ಹಾಕಿದ ತಾಯಿಯನ್ನು ಗುಂಪಿಗೆ ತರಬೇಡಿ. ಕಚ್ಚಾಟ ಹತ್ತಿಬಿಟ್ಟರೆ ಒಂದು ಕೊಡ ನೀರು ಸುರಿಯಿರಿ, ಕಂಬಳಿಯೋ ಗೋಣಿಯೋ ಎಸೆಯಿರಿ. ಬಾಯಿ ಹತ್ತಿರ ಮಾತ್ರ ಕೈ ಒಯ್ಯಬೇಡಿ. ನನ್ನ ಹೆಬ್ಬೆರಳೇ ಸಾಕ್ಷಿ.

ಇನ್ನು ಬೀದಿ ನಾಯಿ. ಅವುಗಳ ಜಗಳ ಎಲ್ಲಿ ನಡೆಯುತ್ತದೆ ನೋಡಿ: ಕೋಳಿ ಅಂಗಡಿಯ ಹಿಂದೆ, ಮದುವೆ ಛತ್ರದ ಎಲೆ ಬಿಸಾಡುವ ಜಾಗದಲ್ಲಿ. ಅಲ್ಲಿ ಗುಂಪು ಕಟ್ಟಿದ ನಾಯಿಗಳೇ ರಾತ್ರಿ ಕುರಿ ದೊಡ್ಡಿಗೂ ನುಗ್ಗುತ್ತವೆ, ಶಾಲೆ ಮಕ್ಕಳನ್ನೂ ಅಟ್ಟುತ್ತವೆ. ಕಸ ನಮ್ಮದು, ಬೈಗುಳ ನಾಯಿಗೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದ ಪ್ರಕಾರ ನಾಯಿಗೆ ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿಸುವುದು ಸ್ಥಳೀಯ ಸಂಸ್ಥೆಗಳ ಕೆಲಸ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು, ಹೀಗೆ ಮಾಡಿದ ನಾಯಿಗಳನ್ನು ಹಿಡಿದ ಜಾಗಕ್ಕೇ ಬಿಡಬೇಕು, ರೇಬೀಸ್ ಇರುವ, ಮೇಲೆ ಬೀಳುವ ನಾಯಿಗಳನ್ನು ಬಿಡಬಾರದು ಎಂದಿತು. ಅದೇ ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂಥ ಕಡೆಯಿಂದ ಹಿಡಿದವನ್ನು ತಿರುಗಿ ಅಲ್ಲಿಗೆ ಬಿಡಬಾರದು ಎಂದಿತು. ದಿಲ್ಲಿಯ ಆದೇಶ ನಮ್ಮ ಹಳ್ಳಿಯ ಕೋಳಿ ಅಂಗಡಿಯ ತನಕ ನಡೆದು ಬರಬೇಕಾದರೆ ಪಂಚಾಯ್ತಿಯವರು ಕಾಲು ಎತ್ತಬೇಕು.

ಗಡಿಯವರಾದ ನಮಗೆ ಇನ್ನೊಂದು ತೊಡಕು. ರೇಬೀಸ್ ಹರಡದಂತೆ ತಡೆಯಲು ಒಂದು ಪ್ರದೇಶದ ನೂರು ನಾಯಿಗಳಲ್ಲಿ ಎಪ್ಪತ್ತಕ್ಕಾದರೂ ಲಸಿಕೆ ಆಗಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಕಡೆ ಆ ಪ್ರದೇಶ ಅಂದರೆ ಯಾವುದು? ಬೆಳಿಗ್ಗೆ ನಮ್ಮೂರಲ್ಲಿ ಮುದ್ದೆ ತಿಂದ ನಾಯಿ ಮಧ್ಯಾಹ್ನ ಪಾವಗಡ ತಾಲ್ಲೂಕಿನ ಹಳ್ಳಿಯಲ್ಲಿ ಮಲಗಿರುತ್ತದೆ. ಒಂದು ರಾಜ್ಯದವರು ಈ ತಿಂಗಳು ಲಸಿಕೆ ಹಾಕಿ, ಇನ್ನೊಂದು ರಾಜ್ಯದವರು ಮುಂದಿನ ವರ್ಷ ಹಾಕಿದರೆ ತೂತು ಬಿದ್ದ ಕೊಡಕ್ಕೆ ನೀರು ತುಂಬಿದಂತೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ವಾರದಲ್ಲಿ ಎರಡೂ ರಾಜ್ಯದ ಪಶು ವೈದ್ಯರು ಗಡಿಯ ಜೋಡಿ ಹಳ್ಳಿಗಳಲ್ಲಿ ಒಟ್ಟಿಗೆ ಲಸಿಕೆ ಹಾಕಲಿ. ಪ್ರಕಟಣೆ ಎರಡು ಭಾಷೆಯಲ್ಲೂ ಇರಲಿ. ಬರೆದುಕೊಡುವುದಕ್ಕೆ ನಾನಿದ್ದೇನೆ, ದುಡ್ಡು ಬೇಡ. ಕುರಿಮಂದೆಯವರನ್ನು ಮರೆಯಬೇಡಿ, ಅವರ ನಾಯಿಗಳು ಎರಡೂ ರಾಜ್ಯದ ನೆಲ ತುಳಿಯುವವು. ಮಂದೆ ನಿಂತಲ್ಲಿಗೇ ಡಾಕ್ಟರು ಹೋಗಬೇಕು.

ಹೋದ ತಿಂಗಳು ಮುದುಕ ಮತ್ತೆ ಮಂದೆ ತಂದಿದ್ದ. ಕರಿಯನಿಗೆ ಈಗ ಹಗ್ಗ ಹಾಕುವುದಿಲ್ಲ ಅಂತಲ್ಲ, ಹಾಕುತ್ತೇನೆ, ಜಗ್ಗುವುದಿಲ್ಲ. ಹತ್ತಿರ ಹೋದಾಗ ದೊಡ್ಡ ನಾಯಿ ತಲೆಯೆತ್ತಿ ನೋಡಿ, ಮತ್ತೆ ಕಾಲ ಮೇಲೆ ತಲೆಯಿಟ್ಟು ಮಲಗಿತು. ನಾವಿಬ್ಬರೂ ಕೂತು ಮಳೆಯ ಮಾತಾಡಿದೆವು. ಮಾತು ಬಿಟ್ಟಿದ್ದ ಆ ಎರಡು ಮನೆಯವರಿಗೂ ಈ ಪತ್ರಿಕೆ ಕೊಟ್ಟು ಬರಬೇಕೆಂದಿದ್ದೇನೆ. ಇಬ್ಬರಿಗೂ ಕನ್ನಡ ಓದಲು ಬರುತ್ತದೆ.