ಅಮ್ಮ ಕೇಳದ ಹಾಡಿಗೆ ಮೂವತ್ತು ರೂಪಾಯಿ

2009ರ ಮಾತು. ಅಮ್ಮ ಊರಿನಲ್ಲಿದ್ದಳು, ನಾನು ಬೆಂಗಳೂರಿನಲ್ಲಿ. ಒಂದು ಸಂಜೆ ಅವಳಿಗೆ ಫೋನ್ ಮಾಡಿದರೆ ಟ್ರಿಣ್ ಟ್ರಿಣ್ ಬದಲು ಸಿನಿಮಾದ ಪ್ರೇಮಗೀತೆ ಕೇಳಿಸಿತು. ರಾಂಗ್ ನಂಬರ್ ಇರಬೇಕೆಂದು ಕಟ್ ಮಾಡಿ ಮತ್ತೆ ಒತ್ತಿದೆ. ಮತ್ತೆ ಅದೇ ಹಾಡು. ಕೊನೆಗೆ ಎತ್ತಿದವಳು ಅಮ್ಮನೇ.

"ಏನಮ್ಮ, ಹಾಡು ಹಾಕಿಸ್ಕೊಂಡಿದೀಯಾ?"

"ಯಾವ ಹಾಡೋ? ಅದಿರ್ಲಿ, ಮೊನ್ನೆ ತಾನೇ ಅಂಗಡೀಲಿ ಐವತ್ತು ರೂಪಾಯಿ ಹಾಕಿಸಿದ್ದೆ. ಇವತ್ತು ನೋಡಿದ್ರೆ ಹತ್ತೂ ಇಲ್ಲ. ಯಾರು ತಿಂದ್ರು ಕಣೋ?"

ಯಾರು ತಿಂದರೆಂದು ನನಗೆ ಗೊತ್ತಿತ್ತು. ಅಂಥ ಹಾಡುಗಳನ್ನು ಫೋನಿಗೆ ಕೂರಿಸುವ ಯಂತ್ರ ತಯಾರಿಸುವ ಕಂಪನಿಯೊಂದರಲ್ಲಿ ಆಗ ನನಗೆ ಕೆಲಸ. ಸ್ವಯಂಚಾಲಿತ ದನಿ ಓದಬೇಕಾದ ವಾಕ್ಯಗಳನ್ನು ಕನ್ನಡದಲ್ಲಿ ಬರೆದುಕೊಡುವುದೂ ಆ ಕೆಲಸದ ಭಾಗ. 'ಈ ಹಾಡು ನಿಮಗೆ ಇಷ್ಟವಾದರೆ ಒಂದನ್ನು ಒತ್ತಿ' ಎಂಬಂಥ ವಾಕ್ಯಗಳು. ಆದ್ದರಿಂದ ಈ ಬರಹವನ್ನು ದೂರು ಎಂದು ಓದುವವರು ತಪ್ಪೊಪ್ಪಿಗೆ ಎಂದೂ ಓದಬೇಕು.

ಕಾಲರ್ ಟ್ಯೂನಿನ ವಿಚಿತ್ರ ನೋಡಿ. ಕೊಂಡವನಿಗೆ ಅದು ಕೇಳಿಸುವುದೇ ಇಲ್ಲ, ಕೇಳಿಸುವುದು ಅವನಿಗೆ ಫೋನ್ ಮಾಡಿದವರಿಗೆ. ಗೊತ್ತಿಲ್ಲದೆ ಕೊಂಡವನಿಗೆ ತಾನು ಕೊಂಡಿದ್ದೇನೆಂದು ಯಾರಾದರೂ ಹೇಳುವವರೆಗೆ ತಿಂಗಳಿಗೆ ಮೂವತ್ತರ ಆಸುಪಾಸು ಹಣ ಹೋಗುತ್ತಲೇ ಇರುತ್ತಿತ್ತು. ಹೀಗೆ ಮಾರಲು ಇದಕ್ಕಿಂತ ಅನುಕೂಲವಾದ ಸರಕು ಇನ್ನೊಂದಿಲ್ಲ.

ಈ ಸರಕಿನ ಹಿಂದಿರುವ ಯಂತ್ರವನ್ನು ಉದ್ಯಮದವರು 'ಸರ್ವಿಸ್ ಡೆಲಿವರಿ ಪ್ಲಾಟ್‌ಫಾರ್ಮ್' ಎನ್ನುತ್ತಾರೆ. ಹೆಸರು ದೊಡ್ಡದು, ಸಂಗತಿ ಸರಳ. ದೂರವಾಣಿ ಜಾಲದಲ್ಲಿ ಕರೆ ಜೋಡಿಸುವ ಸ್ವಿಚ್ಚು, ಎಸ್ಸೆಮ್ಮೆಸ್ ರವಾನಿಸುವ ಕೇಂದ್ರ, ಹಣ ಮುರಿದುಕೊಳ್ಳುವ ಬಿಲ್ಲಿಂಗ್, ಎಲ್ಲವೂ ಬೇರೆ ಬೇರೆ. ಹೊಸ ಸೇವೆಯೊಂದು ಬಂದಾಗಲೆಲ್ಲ ಇವುಗಳ ಜೊತೆ ಬೇರೆ ಬೇರೆಯಾಗಿ ಹೆಣಗಬೇಕಿತ್ತು. ನಡುವೆ ಒಂದು ಅಟ್ಟ ಕಟ್ಟಿ, ಹೊರಗಿನವರು ಅಲ್ಲಿಂದಲೇ ಒಳಗಿನ ಎಲ್ಲದಕ್ಕೂ ಕೈಹಾಕುವಂತೆ ಮಾಡಿದ್ದು ಈ ಪ್ಲಾಟ್‌ಫಾರ್ಮ್. 1998ರಲ್ಲಿ ಕೆಲವು ಕಂಪನಿಗಳು ಇದಕ್ಕೆ ಸಾಮಾನ್ಯ ನಿಯಮಗಳನ್ನು ಬರೆಯಲು ಕೂಟವೊಂದನ್ನು ಕಟ್ಟಿಕೊಂಡವು. ಅದರ ಹೆಸರು ಪಾರ್ಲೆ. ನಮ್ಮ ಬಿಸ್ಕತ್ತಿಗೂ ಅದಕ್ಕೂ ಸಂಬಂಧವಿಲ್ಲ. ಜಾಲದ ಬಾಗಿಲು ತೆರೆದರೆ ಸಣ್ಣವರೂ ಒಳಗೆ ಬಂದು ವ್ಯಾಪಾರ ಮಾಡಬಹುದು ಎಂಬುದು ಆ ಕಾಲದ ಆಸೆ.

ಆಸೆ ಸುಳ್ಳಾಗಿರಲಿಲ್ಲ. ಜಪಾನಿನ ಎನ್‌ಟಿಟಿ ಡೊಕೊಮೊ 1999ರಲ್ಲಿ 'ಐ-ಮೋಡ್' ಶುರುಮಾಡಿದಾಗ, ಹಣ ವಸೂಲು ಮಾಡಿಕೊಟ್ಟದ್ದಕ್ಕೆ ತಾನು ನೂರಕ್ಕೆ 9 ಇಟ್ಟುಕೊಂಡು ಉಳಿದ 91ನ್ನು ಸೇವೆ ತಯಾರಿಸಿದವರಿಗೆ ಬಿಟ್ಟಿತು. ನಮ್ಮಲ್ಲಿ ತಕ್ಕಡಿ ತಿರುಗಾಮುರುಗಾ. ಅರ್ಧಕ್ಕಿಂತ ಹೆಚ್ಚು ಪಾಲು ಆಪರೇಟರಿಗೆ, ಉಳಿದದ್ದರಲ್ಲಿ ಪ್ಲಾಟ್‌ಫಾರ್ಮಿನವರು, ಸಂಗೀತ ಕಂಪನಿ, ನಡುವಿನ ದಲ್ಲಾಳಿಗಳು. ಹಾಡು ಬರೆದವನ ಸರದಿ ಬರುವ ಹೊತ್ತಿಗೆ ಪಾತ್ರೆ ತಳ ಕಂಡಿರುತ್ತಿತ್ತು. ಎಷ್ಟೋ ಗೀತರಚನಕಾರರು ಒಂದೇ ಸಲದ ಸಂಭಾವನೆಗೆ ಹಕ್ಕು ಬರೆದುಕೊಟ್ಟವರು. ಗೀತರಚನಕಾರರ ಮತ್ತು ಸಂಗೀತಗಾರರ ರಾಯಲ್ಟಿ ಹಕ್ಕನ್ನು ಕಿತ್ತುಕೊಳ್ಳಲಾಗದಂತೆ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಬಂದದ್ದು 2012ರಲ್ಲಿ. ಅಷ್ಟರಲ್ಲಿ ಕಾಲರ್ ಟ್ಯೂನಿನ ಸುಗ್ಗಿ ಬಹುಪಾಲು ಮುಗಿಯುತ್ತ ಬಂದಿತ್ತು.

ಎಪಿಎಂಸಿ ಯಾರ್ಡಿಗೆ ಈರುಳ್ಳಿ ಹೇರಿಕೊಂಡು ಹೋದ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಯಾರ್ಡಿನಲ್ಲಿ ತಕ್ಕಡಿಯಾದರೂ ಕಣ್ಣಿಗೆ ಕಾಣುತ್ತದೆ. ಇಲ್ಲಿ ತೂಕ ಮಾಡುವವನು, ಬೆಲೆ ಕಟ್ಟುವವನು, ಕೊಳ್ಳುವವನ ಜೇಬಿಗೆ ಕೈಹಾಕುವವನು ಮೂವರೂ ಒಬ್ಬನೇ.

ನನ್ನ ವಾದ ಇಷ್ಟು: ಆ ಮಾರುಕಟ್ಟೆಯಲ್ಲಿ ಹಾಡು ಬರೀ ನೆಪ. ಮಾರಾಟಕ್ಕಿದ್ದದ್ದು ಜನರ ಒಪ್ಪಿಗೆ. ಪ್ರೀಪೇಯ್ಡ್ ಬ್ಯಾಲೆನ್ಸಿಗೆ ಬೀಗವಿಲ್ಲ, ಸಹಿ ಬೇಕಿಲ್ಲ, ಗುಟ್ಟಿನ ಸಂಖ್ಯೆಯೂ ಬೇಕಿಲ್ಲ. ಬೇಕಾದದ್ದು ಒಂದು ಬಟನ್ ಒತ್ತಿದ ದಾಖಲೆ. ಆ ದಾಖಲೆಯನ್ನು ಹುಟ್ಟಿಸಲು ಒಂದು ವಾಕ್ಯ ಬೇಕು. ಆ ವಾಕ್ಯವನ್ನು ಬರೆಯುತ್ತಿದ್ದವರು ನಮ್ಮಂಥವರು, ಕನ್ನಡ ಬಲ್ಲವರು.

ಅಮ್ಮನ ಹಾಡನ್ನು ತೆಗೆಸಲು ಹೊರಟಾಗ ನನಗೆ ಇದು ಸರಿಯಾಗಿ ನಾಟಿತು. ಹಾಡು ಅಂಟಿಕೊಂಡದ್ದು ಒಂದು ಕರೆಯಿಂದ. ಸೊಗಸಾದ ಕನ್ನಡ, ಮಗಳಂತೆ ಮಾತಾಡುವ ದನಿ. ಮಧ್ಯೆ ಅವಳು ಯಾವುದೋ ಗುಂಡಿ ಒತ್ತಿದ್ದಳು, "ಆ ಹುಡುಗಿ ಒತ್ತು ಅಂದ್ಲು, ಒತ್ತಿದೆ." ಬಿಡಿಸಿಕೊಳ್ಳಲು ಮಾತ್ರ ಇಂಗ್ಲಿಷಿನ ಒಂದು ಪದವನ್ನು ಟೈಪ್ ಮಾಡಿ ಐದಂಕಿಯ ಸಂಖ್ಯೆಗೆ ಕಳಿಸಬೇಕಿತ್ತು. ಅಮ್ಮನಿಗೆ ಇಂಗ್ಲಿಷ್ ಅಕ್ಷರ ಬಾರದು. 'ಹೂಂ' ಅನ್ನಲು ಕನ್ನಡ, 'ಬೇಡ' ಅನ್ನಲು ಇಂಗ್ಲಿಷ್. ಕನ್ನಡದಲ್ಲಿ ವ್ಯವಹರಿಸುತ್ತೇವೆಂದು ಬೀಗುತ್ತಿದ್ದ ಉದ್ಯಮದ ಕನ್ನಡಪ್ರೇಮ ಇಷ್ಟೇ ಆಗಿತ್ತು.

ತಂತ್ರಜ್ಞಾನದ ತೊಡಕು ಅನ್ನುವವರಿದ್ದಾರೆ. ಸ್ವಲ್ಪ ನಿಜ. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಸುತ್ತದೆ. ಕನ್ನಡದಲ್ಲಿ ಬರೆದರೆ 70ಕ್ಕೇ ಮುಗಿಯುತ್ತದೆ. ಅದೂ ನಮ್ಮ ಲೆಕ್ಕದ ಅಕ್ಷರವಲ್ಲ. 'ಸ್ತ್ರೀ' ನಮಗೆ ಒಂದು ಅಕ್ಷರ, ಯಂತ್ರಕ್ಕೆ ಆರು. ಆದರೆ ಇದು ವಿಧಿಬರಹವೇನೂ ಅಲ್ಲ. ಕನ್ನಡವೂ ಸೇರಿ ಭಾರತದ ಹಲವು ಭಾಷೆಗಳಿಗೆ ಈ ನಷ್ಟ ತಪ್ಪಿಸುವ ಅಕ್ಷರಪಟ್ಟಿಗಳು ಮೊಬೈಲ್ ಜಾಲದ ಅಂತರರಾಷ್ಟ್ರೀಯ ಮಾನಕದಲ್ಲೇ ಇವೆ. ಹಣ ಮುರಿಯುವ ಯಂತ್ರವನ್ನು ಹಳ್ಳಿಹಳ್ಳಿಗೂ ಮುಟ್ಟಿಸಿದವರಿಗೆ ಅಕ್ಷರಪಟ್ಟಿಯನ್ನು ಬಳಕೆಗೆ ತರುವುದು ಬೆಟ್ಟ ಹೊರುವ ಕೆಲಸವಾಗಿರಲಿಲ್ಲ. ಅದರಲ್ಲಿ ಲಾಭ ಕಾಣಲಿಲ್ಲ, ಅಷ್ಟೆ.

"ಮೂವತ್ತು ರೂಪಾಯಿಗೆ ಇಷ್ಟು ರಂಪವೇ?" ಎಂದು ಆಗಿನ ನನ್ನ ಸಹೋದ್ಯೋಗಿಯೊಬ್ಬರು ನಕ್ಕಿದ್ದರು. ಆ ಮೊತ್ತವನ್ನು ಆರಿಸುವುದೇ ಜಗಳಕ್ಕೆ ಬಾರದಷ್ಟು ಚಿಕ್ಕದಾಗಿರಲೆಂದು. ಮೂರು ಸಾವಿರ ಹೋದರೆ ಜನ ಪೊಲೀಸ್ ಠಾಣೆಗೆ ಹೋಗುತ್ತಾರೆ. ಮೂವತ್ತು ಹೋದರೆ ರೀಚಾರ್ಜ್ ಅಂಗಡಿಯವನನ್ನು ಬೈದು ಸುಮ್ಮನಾಗುತ್ತಾರೆ. ಅಮ್ಮನೂ ಮೊದಲು ಬೈದದ್ದು ಅವನನ್ನೇ.

"ಜನರೇ ಒತ್ತಿದ್ದಲ್ಲವೇ?" ಎಂಬುದು ಇನ್ನೊಂದು ಸಮರ್ಥನೆ. ಇದಕ್ಕೆ ಉತ್ತರ ಟ್ರಾಯ್ ಆದೇಶಗಳಲ್ಲೇ ಇದೆ. ಗ್ರಾಹಕರ ಸ್ಪಷ್ಟ ದೃಢೀಕರಣ ಬೇಕೆಂದು ಅದು 2011ರ ಜುಲೈನಲ್ಲಿ ಹೇಳಿತು. ಅದು ಸಾಲದೆ 2013ರ ಜುಲೈನಲ್ಲಿ ಎರಡು ಸಲ ಒಪ್ಪಿಗೆ ಪಡೆಯಬೇಕು, ಎರಡನೆಯದನ್ನು ಮಾರುವವರದ್ದಲ್ಲದ ಬೇರೆಯವರ ವ್ಯವಸ್ಥೆಯ ಮೂಲಕ ಪಡೆಯಬೇಕು ಎಂದಿತು. ಸೇವೆ ನಿಲ್ಲಿಸಲು ಎಲ್ಲ ಕಂಪನಿಗಳಿಗೂ ಒಂದೇ ಉಚಿತ ಸಂಖ್ಯೆ, 155223, ಬಂತು. ಜನ ನಿಜವಾಗಿ ಒಪ್ಪಿಯೇ ಕೊಳ್ಳುತ್ತಿದ್ದರೆ ಅವರ ಒಪ್ಪಿಗೆಯನ್ನು ಮೂರನೆಯವರ ಕೈಯಲ್ಲಿ ಮತ್ತೊಮ್ಮೆ ಕೇಳಿಸುವ ಗತಿ ಸರ್ಕಾರಿ ಸಂಸ್ಥೆಯೊಂದಕ್ಕೆ ಯಾಕೆ ಬರುತ್ತಿತ್ತು?

ಕೊಂಡು ಸಂತೋಷಪಟ್ಟವರೂ ಇದ್ದರು, ಇಲ್ಲವೆನ್ನುವುದಿಲ್ಲ. ತನ್ನ ಅಂಗಡಿಗೆ ಫೋನ್ ಮಾಡಿದವರಿಗೆಲ್ಲ ಭಕ್ತಿಗೀತೆ ಕೇಳಿಸಬೇಕೆಂದು ಆಸೆಪಟ್ಟ ಗೆಳೆಯನೊಬ್ಬ ನನಗಿದ್ದ. ಅವನ ಮೂವತ್ತು ರೂಪಾಯಿಯ ಬಗ್ಗೆ ನನಗೆ ತಕರಾರಿಲ್ಲ. ಅವನನ್ನು ಮುಂದೆ ನಿಲ್ಲಿಸಿಕೊಂಡು ಅಮ್ಮನ ಮೂವತ್ತನ್ನು ಸಮರ್ಥಿಸುವುದರ ಬಗ್ಗೆ ತಕರಾರು.

ಹಳೆಯ ಕತೆ ಈಗ ಯಾಕೆ ಅಂತ ಕೇಳಬಹುದು. ಕಾಲರ್ ಟ್ಯೂನು ಈಗ ಕೆಲವೆಡೆ ಪುಕ್ಕಟೆ. ಆದರೆ ಆ ಅಟ್ಟವನ್ನು ಯಾರೂ ಕಿತ್ತಿಲ್ಲ, ಆ್ಯಪ್‌ಗಳೊಳಗೆ ಜಾಗ ಬದಲಿಸಿದ್ದಾರೆ. ಮೊದಲ ತಿಂಗಳು ಉಚಿತ ಎಂಬ ದೊಡ್ಡ ಹಸಿರು ಬಟನ್, ರದ್ದು ಮಾಡಲು ಐದು ಪರದೆ ದಾಟಿದ ಮೇಲೆ ಸಿಗುವ ಬೂದು ಅಕ್ಷರ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಹೆಸರಿಸಿದ 13 ಬಗೆಯ ಮೋಸದ ವಿನ್ಯಾಸಗಳಲ್ಲಿ ಚಂದಾದ ಬಲೆಯೂ ಒಂದು. ಆ ಬಲೆಯ ಹೆಣಿಗೆಯ ಗುರುತು ನನಗೆ ಚೆನ್ನಾಗಿದೆ.

ಈ ಪತ್ರಿಕೆ ಓದುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ನಾಳೆ ಇಂಥ ಕಂಪನಿಗಳಿಗೆ ಕನ್ನಡ ಬರೆದುಕೊಡುತ್ತೀರಿ. ಕನ್ನಡದಿಂದ ಅನ್ನ ಸಿಗುವ ಜಾಗಗಳಲ್ಲಿ ಅದೂ ಒಂದು, ಹೋಗಬೇಡಿ ಎನ್ನಲಾರೆ. ಹೋದಾಗ ಒಂದು ಹಟ ಹಿಡಿಯಿರಿ. 'ಹೂಂ' ಎಷ್ಟು ಬಟನ್ನಿನ ಕೆಲಸವೋ 'ಬೇಡ' ಕೂಡ ಅಷ್ಟೇ ಬಟನ್ನಿನದಾಗಲಿ, ಅದೇ ಭಾಷೆಯಲ್ಲಿರಲಿ. ಬೆಲೆಯನ್ನು ವಾಕ್ಯದ ಕೊನೆಗೆ ತಳ್ಳದೆ ಮೊದಲು ಹೇಳಲಿ. ಬರೆದ ವಾಕ್ಯವನ್ನು ಮೇಲಿನವರಿಗೆ ಕಳಿಸುವ ಮುಂಚೆ ಮನೆಗೆ ಫೋನ್ ಮಾಡಿ ಓದಿ ಹೇಳಿ.

ನಾನು ಹಾಗೆ ಮಾಡಲಿಲ್ಲ. ಆ ಸಂಜೆ ಅಮ್ಮನಿಗೆ, "ಕಂಪನಿಯವರು ತಿಂದಿದಾರಮ್ಮ, ತೆಗೆಸ್ತೀನಿ ಬಿಡು" ಎಂದೆ. ನನ್ನ ಕೆಲಸವೇನೆಂದು ಅವಳಿಗೆ ಪೂರ್ತಿ ಗೊತ್ತಿರಲಿಲ್ಲ. "ಹಾಳಾಗಿ ಹೋಗ್ಲಿ ಅವ್ರು" ಎಂದಳು. ನಾನು ಹೂಂಗುಟ್ಟಿದೆ.