ಮನೆಯ ಕಸವೂ ಮನೆಯ ಕಾಯಕವೇ



ನಸುಕಿನಲ್ಲೆದ್ದು ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗವಲ್ಲಿಯನ್ನಿಟ್ಟ ಬಳಿಕ ಲಿಂಗಪೂಜೆಗೆ ಕೂಡುವುದು ನಮ್ಮ ಮನೆತನಗಳ ವಾಡಿಕೆ. ಆದರೆ ಗುಡಿಸಿದ ಕಸ ಎಲ್ಲಿಗೆ ಹೋಯಿತೆಂದು ವಿಚಾರಿಸುವವರು ವಿರಳ. ಹಳ್ಳಿಯಲ್ಲಿ ಅದು ತಿಪ್ಪೆ ಸೇರಿ, ಗೊಬ್ಬರವಾಗಿ ಹೊಲಕ್ಕೆ ಮರಳುತ್ತಿತ್ತು. ಬೆಂಗಳೂರಿನಂತಹ ಮಹಾನಗರದ ಮನೆಗೆ ತಿಪ್ಪೆಯಿಲ್ಲ. ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಹೊರಗಿಟ್ಟೊಡನೆ ನಮ್ಮ ಹೊಣೆ ತೀರಿತೆಂದು ಭಾವಿಸುತ್ತೇವೆ.

ಹೊಣೆ ತೀರುವುದಿಲ್ಲ, ಇನ್ನೊಬ್ಬರ ಹೆಗಲಿಗೆ ಸರಿಯುತ್ತದೆ. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಹೊತ್ತದ್ದು ಮಾವಳ್ಳಿಪುರ, ಮಂಡೂರುಗಳಂತಹ ಹಳ್ಳಿಗಳು. ಮಿಶ್ರಕಸವು ರಾಶಿಯಾಗಿ ಬಿದ್ದಲ್ಲಿ ಗಾಳಿಯಾಡದೆ ಕೊಳೆತು ಮೀಥೇನ್ ಅನಿಲ ಹುಟ್ಟುತ್ತದೆ. ಅದರಿಂದ ಒಸರುವ ಕಪ್ಪುನೀರು ನೆಲಕ್ಕಿಳಿದು ಅಂತರ್ಜಲವನ್ನು ಕೆಡಿಸುತ್ತದೆ. 2012ರಲ್ಲಿ ಮಾವಳ್ಳಿಪುರಕ್ಕೆ ಕಸ ಸಾಗಿಸುವುದು ನಿಂತಾಗ ನಗರದ ಬೀದಿಗಳಲ್ಲೇ ಕಸ ರಾಶಿಬಿದ್ದುದು ಅನೇಕರಿಗೆ ನೆನಪಿರಬಹುದು. ಗ್ರಾಮಸ್ಥರ ಹೋರಾಟದ ಫಲವಾಗಿ 2014ರ ಕೊನೆಯಲ್ಲಿ ಮಂಡೂರಿಗೂ ಲಾರಿಗಳು ಹೋಗುವುದು ನಿಂತಿತು. ನಮ್ಮ ಅಂಗಳದ ಚೊಕ್ಕಟತನಕ್ಕೆ ಇನ್ನೊಂದು ಊರಿನ ನೀರು ಕೆಡುವುದಾದರೆ ಅದನ್ನು ಶುಚಿತ್ವವೆಂದು ಕರೆಯಲಾದೀತೇ?

ಶಿವಭಕ್ತರ ಮನೆಯಂಗಳ ಗುಡಿಸುವುದನ್ನೇ ಕಾಯಕವಾಗಿ ಕೈಗೊಂಡ ಶರಣೆ ಸತ್ಯಕ್ಕನನ್ನು ನಾವು ಪೂಜ್ಯಭಾವದಿಂದ ಸ್ಮರಿಸುತ್ತೇವೆ. ಅದೇ ನಾವು ಬೆಳಿಗ್ಗೆ ಬಾಗಿಲಿಗೆ ಬರುವ ಪೌರಕಾರ್ಮಿಕ ತಾಯಿಯ ಕೈಗೆ ಹಳಸಿದ ಅನ್ನ, ಒಡೆದ ಗಾಜು, ಬಳಸಿದ ಸೂಜಿ, ಮಗುವಿನ ಡೈಪರ್ ಎಲ್ಲವನ್ನೂ ಕಲಸಿ ಕೊಡುತ್ತೇವೆ. ನಾವು ಬೇರ್ಪಡಿಸದಿದ್ದುದನ್ನು ಆಕೆ ಬರಿಗೈಯಿಂದ ಬೇರ್ಪಡಿಸಬೇಕಾಗುತ್ತದೆ. ಕಾಯಕಜೀವಿಯ ಕೈಗೆ ಗಾಯ ಮಾಡಿ ಶರಣರ ಹೆಸರು ಹೇಳುವುದು ನಮಗೆ ಶೋಭಿಸದು.

ಮಾಡಬೇಕಾದುದು ಕಷ್ಟದ ಕೆಲಸವೇನೂ ಅಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯವು 2015ರಲ್ಲಿ ಬೆಂಗಳೂರಿನ ಮನೆಗಳಿಗೆ ಎರಡು ಬುಟ್ಟಿ, ಒಂದು ಚೀಲದ ಕ್ರಮವನ್ನು ವಿಧಿಸಿತು. ಹಸಿರು ಬುಟ್ಟಿಗೆ ಅಡುಗೆಮನೆಯ ಹಸಿಕಸ. ಕೆಂಪು ಬುಟ್ಟಿಗೆ ಡೈಪರ್, ಬ್ಯಾಂಡೇಜುಗಳಂಥವು. ಚೀಲಕ್ಕೆ ಕಾಗದ, ಪ್ಲಾಸ್ಟಿಕ್, ಲೋಹ ಮುಂತಾದ ಒಣಕಸ. ಹಾಲಿನ ಕವರನ್ನು ತೊಳೆದು ಒಣಗಿಸಿ ಹಾಕಬೇಕು. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ, ಗುರುತು ಮಾಡಿ ಬೇರೆಯಾಗಿ ಕೊಡಬೇಕು.

ಮನೆಯ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿಕಸವೇ. ತಳದಲ್ಲೂ ಪಕ್ಕದಲ್ಲೂ ತೂತುಗಳಿರುವ ಮಣ್ಣಿನ ಮಡಕೆಯಲ್ಲಿ ಒಂದು ಪದರ ತರಗೆಲೆ ಅಥವಾ ತೆಂಗಿನ ನಾರಿನ ಪುಡಿ, ಅದರ ಮೇಲೆ ಒಂದು ಪದರ ತರಕಾರಿ ಸಿಪ್ಪೆ, ಹೀಗೆ ತುಂಬುತ್ತ ಬಂದು, ನಡುನಡುವೆ ಹುಳಿಮಜ್ಜಿಗೆ ಚಿಮುಕಿಸಿ ತಿರುವುತ್ತಿದ್ದರೆ ಎರಡು-ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧವಾಗುತ್ತದೆ. ವಾಸನೆ ಬಂದರೆ ತೇವ ಹೆಚ್ಚಾಯಿತೆಂದು ತಿಳಿದು, ಇನ್ನಷ್ಟು ತರಗೆಲೆ ಸೇರಿಸಿದರಾಯಿತು. ಲಿಂಗಪೂಜೆಯ ಬಿಲ್ವಪತ್ರೆ, ಹೂಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೆರೆಗೆಸೆಯುವುದಕ್ಕಿಂತ ಈ ಮಡಕೆಗೆ ಸೇರಿಸುವುದು ಯೋಗ್ಯ. ಅದರ ಗೊಬ್ಬರ ಉಂಡ ಗಿಡ ಮತ್ತೆ ಪೂಜೆಗೆ ಹೂ ಕೊಡುತ್ತದೆ.

ಎಲ್ಲಕ್ಕಿಂತ ಮೊದಲು, ಕಸ ಹುಟ್ಟದಂತೆ ನೋಡಿಕೊಳ್ಳಬೇಕು. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯುವುದು ಮಾರಯ್ಯನವರ ಕಾಯಕವಾಗಿತ್ತು. ಅವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಮರಳಿಸಿ ಬರುವಂತೆ ಹೇಳಿದವರು ಪತ್ನಿ ಲಕ್ಕಮ್ಮ. ಪ್ರಸಾದದ ತಣಿಗೆಯನ್ನು ತೊಳೆದು ಆ ನೀರನ್ನೂ ಸ್ವೀಕರಿಸುವ ಸಂಪ್ರದಾಯ ನಮ್ಮದು. ಇಂಥ ಪರಂಪರೆಯವರ ಮದುವೆ, ಗೃಹಪ್ರವೇಶಗಳಲ್ಲಿ ಅರ್ಧ ಉಂಡ ಎಲೆಗಳೂ ಪ್ಲಾಸ್ಟಿಕ್ ಲೋಟಗಳೂ ರಾಶಿಬೀಳುವುದು ದಾಸೋಹಕ್ಕೆ ಅಪಚಾರವಲ್ಲವೇ?

ತಾಯಂದಿರೇ, ಇದನ್ನು ನಿಮ್ಮ ಹೆಗಲಿಗೇ ಹೊರಿಸಲು ಬರೆದದ್ದಲ್ಲ. ಮನೆಯ ಯಜಮಾನರೂ ಮಕ್ಕಳೂ ಸರದಿಯಂತೆ ಮಡಕೆಯ ಕಸ ತಿರುವಲಿ. ನಾಳೆ ಬೆಳಿಗ್ಗೆ ಗಾಡಿಯ ಗಂಟೆ ಕೇಳಿದಾಗ ಬುಟ್ಟಿಗಳನ್ನು ಬೇರೆಬೇರೆಯಾಗಿ ಕೊಟ್ಟು, ಆ ಪೌರಕಾರ್ಮಿಕ ತಾಯಿಗೂ ಒಂದು ಶರಣು ಹೇಳೋಣ.