ಹಳೆಯ ಸ್ಟೇಷನ್ನು ಯಾರ ನೆನಪಿಗೆ?

ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ರೈಲು ದಾರಿಯಲ್ಲಿ ಅರಸಾಳು ಎಂಬ ಸಣ್ಣ ಊರಿದೆ. ಹೊಸನಗರ ತಾಲ್ಲೂಕಿಗೆ ಸೇರಿದ ಈ ಊರಿನ ಹಳೆಯ ಸ್ಟೇಷನ್ ಕಟ್ಟಡವನ್ನು ರೈಲ್ವೆ ಇಲಾಖೆ ಕೆಡವಲಿಲ್ಲ. ಅದನ್ನು ದುರಸ್ತಿ ಮಾಡಿ 2020ರಲ್ಲಿ 'ಮಾಲ್ಗುಡಿ ಮ್ಯೂಸಿಯಂ' ಮಾಡಿತು. ಹಳೆಯ ರೈಲು ಡಬ್ಬಿಯೊಂದು ಅಲ್ಲಿ ಚಹಾದ ಅಂಗಡಿಯಾಗಿದೆ. ಜೋಗಕ್ಕೆ ಹೋಗುವ ಪ್ರವಾಸಿಗರು ಇಳಿದು ನೋಡುತ್ತಾರೆ, ಪಟ ತೆಗೆಸಿಕೊಳ್ಳುತ್ತಾರೆ, ಚಹಾ ಕುಡಿದು ಮುಂದೆ ಸಾಗುತ್ತಾರೆ.

ಇದನ್ನು ನಾವು ಒಳ್ಳೆಯ ಕೆಲಸವೆಂದೇ ಹೇಳುತ್ತೇವೆ. ಸರಕಾರ ಏನು ಮಾಡಿದರೂ ತಪ್ಪು ಹುಡುಕುವುದು ನಮ್ಮ ಕಸುಬಲ್ಲ. ಹಳೆಯದೆಲ್ಲ ಕೊಳೆಯೆಂದು ಬಗೆದು ಗುದ್ದಲಿ ಹಾಕಿಸುವ ಅಧಿಕಾರಿಗಳ ನಡುವೆ, ಒಂದು ಹಂಚಿನ ಮಾಡನ್ನು ಉಳಿಸಬೇಕೆಂದು ಯಾರಿಗೋ ತೋರಿತಲ್ಲ, ಅಷ್ಟಕ್ಕೆ ಅವರನ್ನು ಅಭಿನಂದಿಸಬೇಕು. ಆದರೆ ಅದರ ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಬೇಕು. ಒಂದು ಸ್ಟೇಷನ್ನನ್ನು ಉಳಿಸಿದಾಗ ನಾವು ಯಾರ ನೆನಪನ್ನು ಉಳಿಸಿದಂತಾಯಿತು?

ಮಾಲ್ಗುಡಿ ಎಂಬ ಊರು ಭೂಪಟದಲ್ಲಿ ಇಲ್ಲ. ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಮೈಸೂರಿನ ಶ್ರೀ ಆರ್. ಕೆ. ನಾರಾಯಣರು 1935ರಲ್ಲಿ ಪ್ರಕಟವಾದ ತಮ್ಮ ಮೊದಲ ಕಾದಂಬರಿಯಲ್ಲಿ ಕಟ್ಟಿದ ಕಲ್ಪನೆಯ ಊರು ಅದು. ಅರ್ಧ ಶತಮಾನದ ನಂತರ, 1980ರ ದಶಕದಲ್ಲಿ, ದಿವಂಗತ ಶಂಕರನಾಗ್ ಅವರು ಆ ಕಥೆಗಳನ್ನು ದೂರದರ್ಶನದ ಧಾರಾವಾಹಿ ಮಾಡಿದರು. ಆಗುಂಬೆ ಮಾಲ್ಗುಡಿಯ ಬೀದಿಯಾಯಿತು, ಅರಸಾಳು ಮಾಲ್ಗುಡಿಯ ಸ್ಟೇಷನ್ನಾಯಿತು. ಆ ಧಾರಾವಾಹಿಗೆ ಕಲಾ ನಿರ್ದೇಶಕರಾಗಿದ್ದ ಶ್ರೀ ಜಾನ್ ದೇವರಾಜ್ ಅವರೇ ಮ್ಯೂಸಿಯಮ್ಮಿನ ಕೆಲಸದಲ್ಲೂ ಕೈಜೋಡಿಸಿದರು. ನಮ್ಮ ಜಿಲ್ಲೆಯ ಹಳ್ಳಿಯೊಂದು ದೇಶದ ಮನೆಮನೆಗೆ ಪರಿಚಯವಾದದ್ದು ಹೆಮ್ಮೆಯ ಸಂಗತಿಯೇ.

ಆದರೆ ಅರಸಾಳಿನ ಸ್ಟೇಷನ್ನು ಶೂಟಿಂಗಿಗಾಗಿ ಹುಟ್ಟಿದ್ದಲ್ಲ. ಕ್ಯಾಮೆರಾ ಬರುವುದಕ್ಕೆ ದಶಕಗಳ ಮೊದಲೇ ಆ ಹಳಿಯ ಮೇಲೆ ಜನ ಓಡಾಡಿದ್ದರು. ಕಲ್ಪನೆಯ ಊರಿಗೆ ಮ್ಯೂಸಿಯಂ ಸಿಕ್ಕಿತು. ಹಳಿ ಹಾಕಿದ ನಿಜವಾದ ಊರುಗಳ ಜನರಿಗೆ ಏನು ಸಿಕ್ಕಿತು? ನಮ್ಮ ಮಾತು ಇಷ್ಟೇ.

ಬೆಂಕಿಪುರದಿಂದ ತಾಳಗುಪ್ಪದವರೆಗೆ

ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಸುಮಾರು 38 ಮೈಲಿಯ ಮೀಟರ್ ಗೇಜ್ ದಾರಿ. ಆಗ ಭದ್ರಾವತಿಗೆ ಬೆಂಕಿಪುರವೆಂದು ಹೆಸರು. ಕಾರ್ಖಾನೆಯೂ ಇರಲಿಲ್ಲ, ಕಾಗದನಗರವೂ ಇರಲಿಲ್ಲ. ರೈಲು ಮೊದಲು ಬಂತು, ಕಾರ್ಖಾನೆ ಆಮೇಲೆ ಬಂತು. ಸರ್ ಎಂ. ವಿಶ್ವೇಶ್ವರಯ್ಯನವರು ಮುಂದೆ ನಿಂತು ಮಾಡಿಸಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಅದಿರು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಇಳಿಯುತ್ತಿತ್ತು, ಇದ್ದಿಲಿಗೆ ಬೇಕಾದ ಸೌದೆ ಸುತ್ತಲ ಕಾಡಿನಿಂದ ಬರುತ್ತಿತ್ತು. ಕಬ್ಬಿಣವನ್ನು ಹೊರಗಿನ ಪೇಟೆಗೆ ಸಾಗಿಸಲು ಈ ರೈಲೇ ಬೇಕಾಯಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾದಾಗ ಅದಕ್ಕೂ ಭದ್ರೆಯ ನೀರು, ಮಲೆನಾಡಿನ ಬಿದಿರು, ಬೀರೂರಿನ ಹಳಿ ಮೂರೂ ಒಂದೇ ಕಡೆ ಒದಗಿದವು. ಹಳಿ ಇಲ್ಲದಿದ್ದರೆ ಭದ್ರಾವತಿ ಇಂದು ನಾವು ಕಂಡ ಭದ್ರಾವತಿ ಆಗುತ್ತಿರಲಿಲ್ಲ.

ಶಿವಮೊಗ್ಗದಿಂದ ಮುಂದಕ್ಕೆ ಹಳಿ ಒಂದೇ ಸಲಕ್ಕೆ ಓಡಲಿಲ್ಲ. ಅರಸಾಳು, ಆನಂದಪುರ, ಸಾಗರ ಎಂದು ಕಂತುಕಂತಾಗಿ ಕಾಡು ಕಡಿಯುತ್ತ ಸಾಗಿ 1940ರ ಹೊತ್ತಿಗೆ ತಾಳಗುಪ್ಪ ಮುಟ್ಟಿತು. ಅದೇ ಕಾಲದಲ್ಲಿ, 1939ರಲ್ಲಿ, ಜೋಗದಲ್ಲಿ ವಿದ್ಯುತ್ ಕೇಂದ್ರದ ಕೆಲಸ ಆರಂಭವಾಯಿತು. ಜೋಗಕ್ಕೆ ಅತಿ ಹತ್ತಿರದ ರೈಲು ತಾಳಗುಪ್ಪದ್ದೇ. 1948ರಲ್ಲಿ ಆ ಕೇಂದ್ರ ನಾಡಿಗೆ ಬೆಳಕು ಕೊಟ್ಟಿತು. ಮುಂದೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿಯ ಹಿನ್ನೀರು ಊರೂರುಗಳನ್ನೇ ನುಂಗಿತು. ನಾಡಿಗೆ ಬೆಳಕು ಕೊಟ್ಟವರ ಮನೆಯಲ್ಲಿ ಎಷ್ಟೋ ವರ್ಷ ಚಿಮಣಿ ದೀಪವೇ ಉರಿಯಿತು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಈ ಹಳಿಗೆ ಜಲ್ಲಿ ಹೊತ್ತವರು, ಮಲೇರಿಯಾದ ಕಾಡಿನಲ್ಲಿ ಸ್ಲೀಪರು ಜೋಡಿಸಿದವರು, ಮಳೆಗಾಲದ ರಾತ್ರಿ ಲಾಟೀನು ಹಿಡಿದು ಹಳಿ ಕಾದ ಗ್ಯಾಂಗ್‌ಮನ್‌ಗಳು, ಅಡಿಕೆ ಮೂಟೆ ಏರಿಸಿದ ಹಮಾಲರು, ಸ್ಟೇಷನ್ನಿನ ಎದುರು ಅವಲಕ್ಕಿ ಚಹಾ ಮಾರಿದವರು, ಜಟಕಾ ಹೊಡೆದವರು, ಇವರಲ್ಲಿ ಒಬ್ಬರ ಹೆಸರೂ ಯಾವ ಸ್ಟೇಷನ್ನಿನ ಗೋಡೆಯ ಮೇಲೂ ನಮ್ಮ ಕಣ್ಣಿಗೆ ಬಿದ್ದಿಲ್ಲ. ಶಂಕುಸ್ಥಾಪನೆ ಮಾಡಿದವರ ಹೆಸರು ಕಲ್ಲಿನಲ್ಲಿದೆ. ಕಲ್ಲು ಹೊತ್ತವರ ಹೆಸರು ಮಣ್ಣಿನಲ್ಲಿದೆ.

ಸಾಗರದ ಪ್ಲಾಟ್‌ಫಾರಂ

ಇದೇ ದಾರಿಯಲ್ಲಿ ಸಾಗರದ ಸ್ಟೇಷನ್ನಿದೆ. ಫಲಕದಲ್ಲಿ 'ಸಾಗರ ಜಂಬಗಾರು' ಎಂದು ಬರೆದಿದೆ. ಈ ಸ್ಟೇಷನ್ನಿಗೆ ಒಂದು ಚರಿತ್ರೆ ಇದೆ, ಅದು ಕಲ್ಪನೆಯದಲ್ಲ.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಗೇಣಿ ಬತ್ತ ಅಳೆಯುವ ಕೊಳಗದ ಅಳತೆಯಲ್ಲೇ ಒಡೆಯರು ರೈತನ ಬೆವರನ್ನು ಕದಿಯುತ್ತಿದ್ದಾರೆಂಬುದು ಅವರ ದೂರು. ಶ್ರೀ ಗಣಪತಿಯಪ್ಪನವರು ಕಟ್ಟಿದ ರೈತಸಂಘ ಅವರಿಗೆ ದನಿ ಕೊಟ್ಟಿತು. ಶ್ರೀ ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಪಕ್ಷವೂ ಬೆನ್ನಿಗೆ ನಿಂತರು. ಭೂಮಿಯಿಂದ ಹೊರದೂಡಲ್ಪಟ್ಟ ಗೇಣಿದಾರರು ತಾವೇ ಉಳುತ್ತಿದ್ದ ಗದ್ದೆಗೆ ಇಳಿದು ಸೆರೆಮನೆ ಸೇರಿದರು. ಹೀಗೆ ನೂರಾರು ಮಂದಿ. ಆ ವರ್ಷದ ಜೂನ್ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಅವರೇ ಕಾಗೋಡಿಗೆ ಬಂದರು. ಅವರನ್ನು ಪೊಲೀಸರು ಬಂಧಿಸಿದ್ದು ಸಾಗರದ ರೈಲು ಸ್ಟೇಷನ್ನಿನಲ್ಲಿ.

ಮರುವರ್ಷ, 1952ರಲ್ಲಿ, ಗೋಪಾಲಗೌಡರು ವಿಧಾನಸಭೆಗೆ ಆರಿಸಿ ಬಂದರು. 1961ರಲ್ಲಿ ಭೂಸುಧಾರಣೆಯ ಕಾನೂನು ಬಂತು. ಅದಕ್ಕೆ ಹಲ್ಲು ಬಂದದ್ದು 1974ರ ತಿದ್ದುಪಡಿಯಿಂದ, ಶ್ರೀ ದೇವರಾಜ ಅರಸರ ಕಾಲದಲ್ಲಿ. ಉಳುವವನೇ ಹೊಲದೊಡೆಯ ಎಂಬ ಮಾತು ಕೂಗಿನಿಂದ ಕಾನೂನಿಗೆ ಬರಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಆ ದಾರಿಯಲ್ಲಿ ಸಾಗರದ ಪ್ಲಾಟ್‌ಫಾರಂ ಕೂಡ ಒಂದು ನಿಲ್ದಾಣ.

ಈ ಸ್ಟೇಷನ್ನಿಗೆ ಲೋಹಿಯಾ ಹೆಸರಿಡಬೇಕೆಂದು ಈ ಭಾಗದ ಜನ ಬಹಳ ವರ್ಷಗಳಿಂದ ಕೇಳುತ್ತ ಬಂದಿದ್ದಾರೆ. ಆ ಬೇಡಿಕೆಗೆ ನಮ್ಮ ಬೆಂಬಲವಿದೆ. ಆದರೆ ಹೆಸರೊಂದನ್ನೇ ನಾವು ಕೇಳುತ್ತಿಲ್ಲ. ಫಲಕ ಬದಲಾಯಿಸುವುದು ಸುಲಭ, ಒಂದು ಡಬ್ಬಿ ಬಣ್ಣ ಸಾಕು. ಅಲ್ಲಿ ಇಳಿಯುವ ಶಾಲೆಯ ಮಗುವಿಗೆ ಕೊಳಗವೆಂದರೇನು, ಗೇಣಿಯೆಂದರೇನು, ತನ್ನ ಅಜ್ಜ ಯಾಕೆ ಜೈಲಿಗೆ ಹೋದ ಎಂದು ತಿಳಿಯಬೇಕು. ಅದಕ್ಕೆ ಒಂದು ಕೋಣೆ ಬೇಕು.

ಹಳಿ ಅಗಲವಾಯಿತು, ನೆನಪು ಕಿರಿದಾಯಿತು

ಮೀಟರ್ ಗೇಜ್ ಎಂದರೆ ಹಳಿಗಳ ನಡುವೆ ಒಂದು ಮೀಟರ್ ಅಂತರ. ಬ್ರಾಡ್ ಗೇಜ್ ಎಂದರೆ 1,676 ಮಿಲಿಮೀಟರ್. ಹಳಿ ಅಗಲವಾದರೆ ದೊಡ್ಡ ಬಂಡಿ ಬರುತ್ತದೆ, ಬೆಂಗಳೂರಿಗೆ ಬೀರೂರಿನಲ್ಲಿ ಗಾಡಿ ಬದಲಿಸುವ ಕಷ್ಟ ತಪ್ಪುತ್ತದೆ. ಇದು ಬೇಕಾಗಿತ್ತು. ತಾಳಗುಪ್ಪದ ದಾರಿಯಲ್ಲಿ ಮೀಟರ್ ಗೇಜಿನ ಕೊನೆಯ ಕಾಲಕ್ಕೆ ರೈಲಿನ ಬದಲು ಒಂದು ರೈಲುಬಸ್ಸು ಓಡುತ್ತಿದ್ದುದನ್ನು ಬಲ್ಲವರು ಬಲ್ಲರು. 2011ರ ಹೊತ್ತಿಗೆ ತಾಳಗುಪ್ಪದವರೆಗೆ ಬ್ರಾಡ್ ಗೇಜ್ ಆಯಿತು. ಜನ ಹೋರಾಡಿ ಪಡೆದ ಸೌಕರ್ಯ ಅದು.

ಆದರೆ ಹಳಿ ಬದಲಾದಾಗ ಸಣ್ಣ ಕಟ್ಟಡಗಳು ಅನಾಥವಾಗುತ್ತವೆ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿ ಅಗಲದ ಪುಟ್ಟ ರೈಲು ಓಡುತ್ತಿತ್ತೆಂದು ಇಂದಿನ ಹುಡುಗರಿಗೆ ಹೇಳಿದರೆ ನಗುತ್ತಾರೆ. ಆ ಹಳಿಯೂ ಇಲ್ಲ, ಅದರ ಮಾತೂ ಇಲ್ಲ. ಉಳಿಸಿಕೊಳ್ಳದ ನೆನಪಿನ ಗತಿ ಇದೇ.

ಈಗ ಇನ್ನೊಂದು ಅಲೆ ಬಂದಿದೆ. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಅಮೃತ ಭಾರತ ಸ್ಟೇಷನ್ ಯೋಜನೆಯಲ್ಲಿ ದೇಶದ 1,300ಕ್ಕೂ ಹೆಚ್ಚು ಸ್ಟೇಷನ್ನುಗಳ ಹೆಸರಿದೆ. ಶಿವಮೊಗ್ಗ ಟೌನ್, ಸಾಗರ ಜಂಬಗಾರು, ತಾಳಗುಪ್ಪ ಆ ಪಟ್ಟಿಯಲ್ಲಿವೆ. ಲಿಫ್ಟು, ಅಗಲವಾದ ಮುಂಗಟ್ಟು, ಒಳ್ಳೆಯ ಶೌಚಾಲಯ, ಕುಳಿತುಕೊಳ್ಳುವ ಜಾಗ, ಎಲ್ಲವೂ ಆಗಲಿ. ಮೂರನೆಯ ದರ್ಜೆಯಲ್ಲಿ ನಿಂತು ಪ್ರಯಾಣ ಮಾಡಿದ ಜನರ ಮಕ್ಕಳು ನೆರಳಿನಲ್ಲಿ ಕುಳಿತುಕೊಂಡರೆ ನಮಗೇನು ಹೊಟ್ಟೆಕಿಚ್ಚೆ? ಆದರೆ ಗಾಜು ಹಾಕಿದ ಹೊಸ ಮುಖವಾಡದ ಹಿಂದೆ ಊರಿನ ಚರಿತ್ರೆ ಸದ್ದಿಲ್ಲದೆ ಮಾಯವಾಗಬಾರದು. ಸ್ಟೇಷನ್ನಿನ ಎದುರು ನಾಲ್ಕು ಕಾಸು ಸಂಪಾದಿಸುತ್ತಿದ್ದ ಚಿಲ್ಲರೆ ವ್ಯಾಪಾರಿಯನ್ನು 'ಸೌಂದರ್ಯೀಕರಣ'ದ ಹೆಸರಿನಲ್ಲಿ ಎಬ್ಬಿಸಿ, ಅದೇ ಜಾಗವನ್ನು ದೊಡ್ಡ ಗುತ್ತಿಗೆದಾರನ ಹೋಟೆಲಿಗೆ ಕೊಡಬಾರದು. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಗಬಾರದು.

ಬೇರೆ ಕಡೆ ಹೇಗೆ ಮಾಡಿದರು?

ಇದು ಆಗದ ಮಾತಲ್ಲ. ಮೈಸೂರಿನಲ್ಲಿ 1979ರಲ್ಲೇ ರೈಲ್ವೆ ಮ್ಯೂಸಿಯಂ ಆಯಿತು. ಹಳೆಯ ಎಂಜಿನ್ನನ್ನು ಮುಟ್ಟಿ ನೋಡಿದ ಮಕ್ಕಳು ಇಂದು ಅಜ್ಜಂದಿರಾಗಿದ್ದಾರೆ. ಬೆಂಗಳೂರಿನಿಂದ ಚಿಕ್ಕಬಳ್ಳಾಪುರದ ಕಡೆಗೆ ಹೋಗುವ, 1915ರಲ್ಲಿ ಹಾಕಿದ ದಾರಿಯ ನಂದಿ ಹಾಲ್ಟ್ ಮೊದಲಾದ ಪುಟ್ಟ ಸ್ಟೇಷನ್ನುಗಳನ್ನು ಇನ್‌ಟ್ಯಾಕ್ ಎಂಬ ಪರಂಪರೆ ಸಂರಕ್ಷಣೆಯ ಸಂಸ್ಥೆ ರೈಲ್ವೆಯೊಡನೆ ಕೂಡಿ ಇತ್ತೀಚಿನ ವರ್ಷಗಳಲ್ಲಿ ಕೈಗೆತ್ತಿಕೊಂಡಿದೆ.

ದೂರದ ಪ್ಯಾರಿಸ್ ನಗರದಲ್ಲಿ 1900ರ ವಸ್ತುಪ್ರದರ್ಶನಕ್ಕಾಗಿ ಕಟ್ಟಿದ ಆರ್ಸೆ ಎಂಬ ದೊಡ್ಡ ಸ್ಟೇಷನ್ನಿತ್ತು. ರೈಲುಗಳು ಉದ್ದವಾದವು, ಅದರ ಪ್ಲಾಟ್‌ಫಾರಂ ಸಾಲದಾಯಿತು. ಕೆಡವಿ ಹೋಟೆಲು ಕಟ್ಟುವ ಆಲೋಚನೆ ನಡೆದಿತ್ತು. ಜನರ ಅಭಿಪ್ರಾಯ ತಿರುಗಿತು, 1986ರಲ್ಲಿ ಅದು ಚಿತ್ರಕಲೆಯ ದೊಡ್ಡ ಮ್ಯೂಸಿಯಂ ಆಯಿತು. ಅಲ್ಲಿ ಹೋಟೆಲಿನ ಲಾಭಕ್ಕಿಂತ ಊರಿನ ಮಾತು ದೊಡ್ಡದಾಯಿತು. ಇಲ್ಲಿ ಯಾಕೆ ಆಗಬಾರದು?

ಭದ್ರಾವತಿಯ ಕಾರ್ಮಿಕ ಬಂಧುಗಳು ಇದನ್ನು ತಮಗೆ ಸಂಬಂಧಿಸದ ವಿಷಯವೆಂದು ತಳ್ಳಿಬಿಡಬಾರದು. ಕಾಗದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಹೋರಾಟಕ್ಕೆ ಇಳಿದರು. ಕಾರ್ಖಾನೆ ನಡೆಯಬೇಕು ಎಂಬುದೇ ನಮ್ಮ ಮೊದಲ ಮಾತು, ಕೊನೆಯ ಮಾತು. ದುಡಿಮೆಗೆ ಮ್ಯೂಸಿಯಂ ಬದಲಿಯಲ್ಲ. ಆದರೆ ಇಂದು ಸ್ಟೇಷನ್ನಿಗೆ ಬಂದ ಪ್ರಶ್ನೆ ನಾಳೆ ಮಿಲ್ಲಿನ ಕಟ್ಟಡಕ್ಕೂ ಕಾಲೋನಿಯ ಮನೆಗೂ ಬರುತ್ತದೆ. ಹಳೆಯ ಜಾಗವನ್ನು ಏನು ಮಾಡಬೇಕೆಂದು ಯಾರು ತೀರ್ಮಾನಿಸಬೇಕು? ಕಡತ ಹಿಡಿದ ಅಧಿಕಾರಿಯೇ? ಕಣ್ಣು ಹಾಕಿರುವ ಗುತ್ತಿಗೆದಾರನೇ? ಅಥವಾ ಅಲ್ಲಿ ಮೂವತ್ತು ವರ್ಷ ಸೈರನ್ನಿಗೆ ಎದ್ದು ಹೋದ ಮನುಷ್ಯನೇ?

ನಮ್ಮ ಬೇಡಿಕೆಗಳು

ಒಂದು: ಈ ಮಾರ್ಗದಲ್ಲಿ ಉಳಿದಿರುವ ಹಳೆಯ ಸ್ಟೇಷನ್ ಕಟ್ಟಡ, ಸಿಗ್ನಲ್ ಕಂಬ, ನೀರಿನ ತೊಟ್ಟಿ, ಗ್ಯಾಂಗ್ ಮನೆ ಇವುಗಳ ಪಟ್ಟಿ ಮಾಡಿ ಊರಿನ ಮುಂದೆ ಇಡಬೇಕು. ಪಟ್ಟಿಯಾಗುವ ಮೊದಲು ಯಾವುದಕ್ಕೂ ಗುದ್ದಲಿ ಬೀಳಬಾರದು.

ಎರಡು: ಸಾಗರದ ಸ್ಟೇಷನ್ನಿನಲ್ಲಿ ಕಾಗೋಡು ಸತ್ಯಾಗ್ರಹದ ಒಂದು ಕೋಣೆ ಆಗಬೇಕು. ಒಡೆಯರ ಕೊಳಗವನ್ನೂ ಊರಿನ ಕೊಳಗವನ್ನೂ ಪಕ್ಕಪಕ್ಕದಲ್ಲಿ ಇಡಲಿ. ಬೇರೆ ವಿವರಣೆ ಬೇಡ, ನೋಡಿದವರಿಗೆ ತಾನೇ ಅರ್ಥವಾಗುತ್ತದೆ.

ಮೂರು: ಭದ್ರಾವತಿಯ ಸ್ಟೇಷನ್ನಿನಲ್ಲಿ ಕಬ್ಬಿಣ, ಕಾಗದ ಕಾರ್ಖಾನೆಗಳ ಮತ್ತು ಕಾಡು ಟ್ರಾಮಿನ ಚರಿತ್ರೆಗೆ ಜಾಗ ಕೊಡಬೇಕು. ಪಟಗಳನ್ನು ನಿವೃತ್ತ ಕಾರ್ಮಿಕರ ಮನೆಗಳಿಂದ ಕೇಳಿ ತರಬೇಕು.

ನಾಲ್ಕು: ಅರಸಾಳಿನಲ್ಲಿ ಮಾಲ್ಗುಡಿ ಇರಲಿ, ಅದರ ಪಕ್ಕದಲ್ಲಿ ಹಳಿ ಹಾಕಿದವರ ಒಂದು ಗೋಡೆಯೂ ಇರಲಿ. ಸ್ವಾಮಿಗೂ ಗ್ಯಾಂಗ್‌ಮನ್ನಿಗೂ ಜಗಳವಿಲ್ಲ.

ಐದು: ಹೊಸ ಸ್ಟೇಷನ್ನುಗಳ ಮಳಿಗೆಗಳಲ್ಲಿ ಮೊದಲ ಹಕ್ಕು ಅಲ್ಲಿ ಈಗಾಗಲೇ ವ್ಯಾಪಾರ ಮಾಡುತ್ತಿರುವವರಿಗೆ, ಸ್ತ್ರೀ ಸ್ವಸಹಾಯ ಸಂಘಗಳಿಗೆ ಸಿಗಬೇಕು. ಬಾಡಿಗೆ ಅವರು ಕೊಡಬಲ್ಲಷ್ಟಿರಬೇಕು.

ಇವುಗಳಲ್ಲಿ ಯಾವುದಕ್ಕೂ ಕೋಟಿಗಟ್ಟಲೆ ಹಣ ಬೇಕಿಲ್ಲ. ಬೇಕಾದದ್ದು ಊರಿನವರು ಒಟ್ಟಾಗಿ ಕೇಳುವುದು. ಮೈಸೂರಿನ ವಿಭಾಗೀಯ ಕಚೇರಿಗೆ ಒಬ್ಬೊಬ್ಬರೇ ಬರೆದ ಅರ್ಜಿ ಕಸದ ಬುಟ್ಟಿಗೆ ಹೋಗಬಹುದು, ಸಾವಿರ ಸಹಿಯ ಅರ್ಜಿ ಹೋಗಲಾರದು. ಹಮಾಲರ ಸಂಘ, ವರ್ತಕರ ಸಂಘ, ನಿವೃತ್ತ ನೌಕರರ ಸಂಘ, ಶಾಲೆಯ ಮೇಷ್ಟರು ಕೂಡಿ ಕುಳಿತು ಆ ಅರ್ಜಿ ಬರೆಯಲಿ. ಮನೆಯಲ್ಲಿ ಹಳೆಯ ಟಿಕೇಟು, ಹಳೆಯ ಪಟ, ಅಜ್ಜನ ಪಾಸು ಇದ್ದವರು ಒಲೆಗೆ ಹಾಕದೆ ಎತ್ತಿಡಲಿ. ಸ್ಟೇಷನ್ನುಗಳ ಹೊಸ ನಕ್ಷೆ ಬೇರೆಯವರ ಕೈಯಲ್ಲಿ ಪೂರ್ತಿಯಾಗುವ ಮುಂಚೆ ನಮ್ಮ ಸಹಿ ಅದರ ಮೇಲೆ ಬೀಳಬೇಕು.